ನಿಲ್ಲದೆ ನಡೆದ ಕಂಡಕ್ಟರ್

ಶಾಲೆಯ ಜಗುಲಿ ಗುಡಿಸಿ, ಅಳತೆ ಹಿಡಿದು, ನೆಲಕ್ಕೆ ಹಳದಿ ಟೇಪು ಅಂಟಿಸುವುದರಿಂದ ನಮ್ಮ ದಿನ ಶುರುವಾಗುತ್ತಿತ್ತು. ಟೇಪಿನ ಈ ತುದಿಯಲ್ಲಿ ನಾನು ಕುರ್ಚಿ ಹಾಕಿಕೊಂಡು, ಸ್ಟಾಪ್‌ವಾಚ್ ಹಿಡಿದು ಕೂರಬೇಕು. ಅಜ್ಜನೋ ಅಜ್ಜಿಯೋ ಆ ತುದಿಯವರೆಗೆ ತಮ್ಮ ಪಾಡಿಗೆ ನಡೆದು ಹೋಗಿ ವಾಪಸು ಬರಬೇಕು. ಎರಡನೇ ಸುತ್ತಿಗೆ ಕೆಲಸ ಸ್ವಲ್ಪ ಹೆಚ್ಚು. ಅವರು ನಡೆಯುತ್ತಿರುವಾಗಲೇ ನಾನು ಹಿಂದಿನಿಂದ ಒಂದು ಪ್ರಶ್ನೆ ಕೇಳುತ್ತೇನೆ, ಅವರು ನಡೆಯುತ್ತಲೇ ಉತ್ತರ ಹೇಳಬೇಕು. ಸಂತೆಯಲ್ಲಿ ಯಾವ ಯಾವ ತರಕಾರಿ ಸಿಗುತ್ತದೆ, ಮಳೆಗಾಲಕ್ಕೆ ಮುಂಚೆ ಮನೆಯಲ್ಲಿ ಏನೇನು ತಯಾರಿ ಮಾಡುತ್ತೀರಿ, ಇಂಥವೇ ಪ್ರಶ್ನೆಗಳು. ಮಾತಿಗೆ ಬಾಯಿ ತೆರೆದ ಕೂಡಲೇ ಕಾಲು ನಿಂತುಬಿಟ್ಟರೆ, ಎರಡು ಕೆಲಸವನ್ನು ಒಟ್ಟಿಗೆ ನಿಭಾಯಿಸುವುದು ಮಿದುಳಿಗೆ ಕಷ್ಟವಾಗುತ್ತಿದೆ ಎಂದು ತಿಳಿಯಬೇಕು. ಮುಂದೆ ಬೀಳುವ, ಮರೆವು ಹಿಡಿಯುವ ಸಂಭವ ಅಂಥವರಿಗೆ ಹೆಚ್ಚು ಎಂದು ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದರು.

ನಾನು ಫಿಸಿಯೋಥೆರಪಿಸ್ಟ್. ವಯಸ್ಸಾದವರ ನಡಿಗೆಯ ಅಭ್ಯಾಸಕ್ಕೂ ಮಿದುಳಿನ ಆರೋಗ್ಯಕ್ಕೂ ಏನು ನಂಟು ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನೋಡುವ ಒಂದು ಅಧ್ಯಯನಕ್ಕೆ ಸೇರಿಕೊಂಡಿದ್ದೆ. ಅದರ ಮುಖ್ಯಸ್ಥರು ಒಬ್ಬ ಹಿರಿಯ ಡಾಕ್ಟರು. ಒಳ್ಳೆಯ ಮನುಷ್ಯ, ಆದರೆ ಪದ್ಧತಿಯ ವಿಷಯದಲ್ಲಿ ಮಹಾ ಬಿಗಿ. ಟೇಪು ಒಂದಿಷ್ಟು ಸೊಟ್ಟಗಾದರೂ ಕಿತ್ತು ಮತ್ತೆ ಅಂಟಿಸಿ ಎನ್ನುವವರು. ನನಗೂ ಬಾಯಿ ಸ್ವಲ್ಪ ಜೋರು. ಹಾಗಾಗಿ ಜೀಪಿನಲ್ಲಿ ಹೋಗುವಾಗ ಬರುವಾಗ ನಮ್ಮಿಬ್ಬರಿಗೆ ವಾದಕ್ಕೇನೂ ಕೊರತೆ ಇರಲಿಲ್ಲ.

ಮೊದಲ ತಕರಾರು ಹುಟ್ಟಿದ್ದು ಕೆಳದಿ ಕಡೆಯ ಒಂದು ಊರಿನಲ್ಲಿ. ಅಲ್ಲಿ ಬಂದ ಅಜ್ಜಂದಿರೆಲ್ಲ ಮೊದಲ ಸುತ್ತಿನಲ್ಲಿ ಸರಾಗವಾಗಿ ನಡೆದರು. ಎರಡನೇ ಸುತ್ತಿಗೆ ನಾನು ಪ್ರಶ್ನೆ ಕೇಳಿದ್ದೇ ತಡ, ಗಕ್ಕನೆ ನಿಂತರು. ನಿಂತದ್ದಷ್ಟೇ ಅಲ್ಲ, ಪೂರ್ತಿ ನನ್ನ ಕಡೆ ತಿರುಗಿ, ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಬದನೆ, ಬೆಂಡೆ, ಸೌತೆ ಎಂದು ಶುರು ಮಾಡಿದರು. ಕೆಲವರು ಯಾವ ತರಕಾರಿಯಿಂದ ಏನು ಅಡುಗೆ ಮಾಡಬಹುದು ಎನ್ನುವುದನ್ನೂ ಸೇರಿಸಿದರು.

"ನಿಲ್ಲಬೇಡಿ ಅಜ್ಜ, ನಡೀತಾ ಹೇಳಿ," ಎಂದೆ.

ಆ ಅಜ್ಜನಿಗೆ ನನ್ನ ಮಾತು ತಮಾಷೆಯಾಗಿ ಕಂಡಿತು. "ಅದೆಂತ ತಂಗಿ! ನೀನು ಕೇಳದು, ನಾನು ಹೋಗ್ತಾ ಇರದಾ? ಎಂಗೊ ಈ ಊರಿನವು ಬೆನ್ನು ಹಾಕಿ ಮಾತಾಡದಿಲ್ಲೆ."

ತೀರ್ಥಹಳ್ಳಿ ಕಡೆಯ ಅರಳಸುರಳಿಯಲ್ಲೂ ಇದೇ ಕಥೆ. ಅಲ್ಲಿನ ಅಜ್ಜಿಯರು ಇನ್ನೂ ಒಂದು ಹೆಜ್ಜೆ ಮುಂದೆ. ನಿಂತು, ತಿರುಗಿ, ನನ್ನ ಕುರ್ಚಿಯವರೆಗೆ ವಾಪಸು ಬಂದು, ಕೈ ಹಿಡಿದುಕೊಂಡು ಉತ್ತರ ಹೇಳಿದರು. ಒಬ್ಬರಂತೂ ನನ್ನ ತವರು ಯಾವುದು, ಮಕ್ಕಳೆಷ್ಟು ಎಂದು ನನ್ನನ್ನೇ ಪರೀಕ್ಷೆ ಮಾಡಿ ಮುಗಿಸಿದರು. ನಮ್ಮ ಲೆಕ್ಕದಲ್ಲಿ ಊರಿಗೆ ಊರೇ ಫೇಲು!

ವಾಪಸು ಬರುವಾಗ ಜೀಪಿನಲ್ಲಿ ನಾನು ಶುರು ಮಾಡಿದೆ. "ಸರ್, ಇದು ಮಿದುಳಿನ ತೊಂದರೆ ಅಲ್ಲ, ಮರ್ಯಾದೆ. ಯಾರಾದರೂ ಮಾತಾಡಿಸಿದರೆ ನಿಂತು ಉತ್ತರ ಕೊಡುವುದು ಇಲ್ಲಿಯ ರೂಢಿ. ನಾನು ಹಿಂದೆ ಕುರ್ಚಿ ಮೇಲೆ ಕೂರುವುದು ಬಿಟ್ಟು ಜೊತೆಯಲ್ಲೇ ನಡೆಯುತ್ತಾ ಕೇಳಿದರೆ ಸರಿಹೋಗುತ್ತದೆ."

"ಜೊತೆಗೆ ನಡೆದರೆ ಅವರು ನಿಮ್ಮ ವೇಗಕ್ಕೆ ಹೊಂದಿಕೊಳ್ಳುತ್ತಾರಮ್ಮ. ಆಗ ನಾವು ಅಳೆಯುವುದು ಯಾರ ನಡಿಗೆ?" ಎಂದರು ಡಾಕ್ಟರು. ಅದೂ ಸುಳ್ಳಲ್ಲ. ಹೊಸನಗರದ ಶಿಬಿರ ಮುಗಿಯಲಿ, ಆಮೇಲೆ ನೋಡೋಣ ಎಂದು ಮಾತು ನಿಲ್ಲಿಸಿದರು. ನಾನು ಮುಖ ಊದಿಸಿಕೊಂಡು ಕಿಟಕಿ ಕಡೆ ತಿರುಗಿದೆ.

ಹೊಸನಗರದ ಹತ್ತಿರದ ಶಿಬಿರಕ್ಕೆ ಕಂಡಕ್ಟರು ಬಂದರು. ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಜೀವಮಾನವೆಲ್ಲ ಟಿಕೆಟ್ ಹರಿದವರು. ಕೆಲಸ ಬಿಟ್ಟು ಕೆಲವು ವರ್ಷವಾಗಿತ್ತು, ಆದರೂ ಊರಿಗೆಲ್ಲ ಅವರು ಕಂಡಕ್ಟ್ರೇ. ಅಪ್ಪನ ಕಾಲದಲ್ಲಿ ಗೇಣಿಯಿಂದ ಸ್ವಂತಕ್ಕೆ ಬಂದ ಸ್ವಲ್ಪ ಗದ್ದೆ, ರಸ್ತೆ ಪಕ್ಕದಲ್ಲಿ ಆರ್‌ಸಿಸಿ ಮನೆ, ಮನೆ ಮುಂದೆ ಮಗನ ಬೈಕ್ ಗ್ಯಾರೇಜು. ಅವರು ದಿನಾ ಬಸ್ ರಸ್ತೆಯಲ್ಲಿ ಮೈಲಿಗಟ್ಟಲೆ ನಡೆಯುತ್ತಾರೆ, ಮಳೆ ಬರಲಿ ಬಿಸಿಲಿರಲಿ ತಪ್ಪಿಸುವುದಿಲ್ಲ ಎಂದು ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಹೆಮ್ಮೆಯಿಂದ ಹೇಳಿದಳು.

ಮೊದಲ ಸುತ್ತಿನಲ್ಲಿ ಬಿರುಸಾಗಿ ನಡೆದು ಬಂದರು. ಎರಡನೇ ಸುತ್ತಿನಲ್ಲಿ ನಾನು ತರಕಾರಿ ಕೇಳಿದೆ. ಕಾಲು ನಿಲ್ಲಲಿಲ್ಲ. ತಲೆ ಕೂಡ ತಿರುಗಲಿಲ್ಲ. ಅದೇ ವೇಗದಲ್ಲಿ ಹೋಗುತ್ತಾ, ಸ್ಟಾಪಿನ ಹೆಸರು ಕೂಗುವ ಹಾಗೆ, ಒಂದರ ಹಿಂದೆ ಒಂದು ತರಕಾರಿ ಹೇಳಿ ಮುಗಿಸಿದರು. ನೆನಪಿನ ಪರೀಕ್ಷೆಯಲ್ಲಿ ಸಾಗರದಿಂದ ತೀರ್ಥಹಳ್ಳಿವರೆಗೆ ಒಂದೂ ನಿಲ್ದಾಣ ಬಿಡದೆ ಒಪ್ಪಿಸಿ, ಅದನ್ನೇ ಕೊನೆಯಿಂದ ಮೊದಲಿಗೂ ಒಪ್ಪಿಸಿದರು. ಡಾಕ್ಟರ ಮುಖ ಅರಳಿಹೋಯಿತು.

"ನೋಡಿದಿರಾ? ಇವರೂ ಇದೇ ಸೀಮೆಯವರು ತಾನೆ? ಇವರು ನಿಲ್ಲಲಿಲ್ಲವಲ್ಲ! ದಿನಾ ನಡೆಯುವವರ ಮಿದುಳು ಹೀಗಿರುತ್ತದೆ," ಎಂದರು. ನನ್ನ ಮರ್ಯಾದೆಯ ವಾದ ಅಲ್ಲಿಗೆ ಮಣ್ಣುಪಾಲಾಯಿತು. ತಿಂಗಳ ಕೊನೆಗೆ ಹೊಸನಗರದಲ್ಲಿ ಹಿರಿಯರ ನಡಿಗೆ ಎಂದು ಒಂದು ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಅದರ ಮುಂದಾಳಾಗಿ ಕಂಡಕ್ಟರೇ ನಡೆಯಬೇಕು ಎಂದು ಡಾಕ್ಟರು ಅಲ್ಲೇ ಘೋಷಿಸಿಬಿಟ್ಟರು. ಮಗ ಖುಷಿಯಾಗಿ ಅಪ್ಪನ ಫೋಟೋ ಹಾಕಿಸಿ ಗ್ಯಾರೇಜಿನ ಮುಂದೆ ದೊಡ್ಡ ಬ್ಯಾನರ್ ಕಟ್ಟಿದ.

ಮರುದಿನ ಅದೇ ಶಿಬಿರಕ್ಕೆ ಕಂಡಕ್ಟರ ಹೆಂಡತಿ ಬಂದರು. ಕುಂಟುತ್ತಾ ಬಂದರು. ಟೇಪಿನ ಮೇಲೆ ನಡೆಸಿದಾಗ ಎಡ ಸೊಂಟ ಪ್ರತಿ ಹೆಜ್ಜೆಗೂ ಕುಸಿಯುತ್ತಿತ್ತು. ಪ್ರಶ್ನೆ ಕೇಳಿದರೆ ಎಲ್ಲರ ಹಾಗೆ ನಿಂತು, ತಿರುಗಿ, ಸೆರಗು ಸರಿ ಮಾಡಿಕೊಂಡು ಉತ್ತರ ಕೊಟ್ಟರು. ನನಗೆ ಉತ್ತರಕ್ಕಿಂತ ಸೊಂಟದ ಮೇಲೆ ಕಣ್ಣು. ಬೆಂಚಿನ ಮೇಲೆ ಮಲಗಿಸಿ ಕಾಲು ಎತ್ತಿ ನೋಡಿದೆ. ಬಿದ್ದ ಮೇಲೆ ಎಕ್ಸ್‌ರೇ ತೆಗೆಸಿದ್ದರಂತೆ, ಮೂಳೆಗೆ ಏನೂ ಆಗಿರಲಿಲ್ಲ, ಸ್ನಾಯು ಮಾತ್ರ ಸೋತಿತ್ತು.

"ಎಲ್ಲಿ ಬಿದ್ರಿ ಅಮ್ಮ?"

"ಬಟ್ಟೆ ಒಗೆಯೋ ಕಲ್ಲಿನ ಹತ್ರ. ಪಾಚಿ ಕಟ್ಟಿತ್ತು."

"ಮನೇಲಿ ಯಾರೂ ಇರ್ಲಿಲ್ವಾ?"

"ಇದ್ರು. ಇವ್ರೇ ಇದ್ರು. ನಡೆಯಕ್ಕೆ ಹೊರಟಿದ್ರು. ನನ್ನ ದಾಟಿ ಹೋದ್ರು."

"ದಾಟಿ ಅಂದ್ರೆ?"

"ದಾಟಿ ಅಂದ್ರೆ ದಾಟಿ, ಡಾಕ್ಟ್ರಮ್ಮ. ಕಾಲೆತ್ತಿ. ನಾನು ಅಡ್ಡ ಬಿದ್ದಿದ್ನಲ್ಲ."

ನಾನು ಡಾಕ್ಟರಲ್ಲ ಎಂದು ತಿದ್ದುವುದು ಬಿಟ್ಟು ಅವರ ಕಾಲನ್ನು ಮೆಲ್ಲಗೆ ಬೆಂಚಿಗೆ ಇಳಿಸಿದೆ. ಅವರು ಅಳಲೂ ಇಲ್ಲ, ಸಿಟ್ಟೂ ಮಾಡಲಿಲ್ಲ. ಎದ್ದು ಕೂತು, ಸೀರೆ ಕೊಡವಿಕೊಂಡು, ದನಿ ತಗ್ಗಿಸಿ ಹೇಳಿದರು: "ನನ್ನ ಕಾಲು ಬೇಗ ಸರಿ ಮಾಡಿಕೊಡಿ. ತೀರ್ಥಹಳ್ಳಿ ಹತ್ರ ಮೇಳಿಗೇಲಿ ನನ್ನ ತಮ್ಮ ಇದಾನೆ. ನನ್ನಷ್ಟಕ್ಕೆ ನಾನು ಬಸ್ ಹತ್ತೋ ಹಂಗಾದ್ರೆ ಸಾಕು, ಹೋಗಿಬಿಡ್ತೀನಿ. ಇಷ್ಟು ವರ್ಷ ಬಾಳಿ, ಕೊನಿಗೆ ಇವ್ರು ದಾಟಿ ಹೋಗೋ ಕೊರಡಾದೆ. ಇನ್ನು ಆ ಮನೇಲಿ ನಾನಿರಲ್ಲ."

"ಮಗನಿಗೆ ಹೇಳಿದ್ರಾ?"

"ಅವನಿಗೆ ಅವನ ಅಪ್ಪ ಅಂದ್ರೆ ದೇವ್ರು. ನಾನೇ ಹೊಟ್ಟೆ ಉರಿಗೆ ಹೇಳ್ತೀನಿ ಅಂತಾನೆ."

ವಾರಕ್ಕೊಂದೆರಡು ಸಲ ಅವರ ಮನೆಗೆ ಹೋಗಿ ವ್ಯಾಯಾಮ ಮಾಡಿಸುವುದಾಗಿ ಒಪ್ಪಿಕೊಂಡೆ. ನನ್ನ ಕೆಲಸದಲ್ಲಿ ಇಂಥ ಇಕ್ಕಟ್ಟು ಎಂದೂ ಬಂದಿರಲಿಲ್ಲ. ನಾನು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತೇನೋ ಅಷ್ಟು ಬೇಗ ಆಕೆ ಮನೆ ಬಿಟ್ಟು ಹೊರಡುತ್ತಾರೆ. ಹಾಗೆಂದು ಕಾಲು ಸರಿ ಮಾಡದೆ ಬಿಡುವುದಕ್ಕಾಗುತ್ತದೆಯೇ?

ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು, ಕುರ್ಚಿಯಿಂದ ಕೈ ಊರದೆ ಏಳುವುದು, ಗೋಡೆಗೆ ಒರಗಿ ಕಾಲನ್ನು ಪಕ್ಕಕ್ಕೆ ಚಾಚುವುದು, ಇಷ್ಟರಿಂದ ಶುರು ಮಾಡಿದೆವು. ಆಕೆ ಹಟದ ಹೆಂಗಸು. ನಾನು ಹೇಳಿದ್ದಕ್ಕಿಂತ ಹೆಚ್ಚೇ ಮಾಡುತ್ತಿದ್ದರು. ಎರಡನೇ ವಾರಕ್ಕೆ ಕುಸಿತ ಕಡಿಮೆಯಾಯಿತು. ಪ್ರತಿ ಸಲ ಎದ್ದು ನಿಂತಾಗಲೂ "ಬಸ್ಸಿನ ಮೆಟ್ಟಿಲು ಇದಕ್ಕಿಂತ ಎತ್ತರ ಅಲ್ದಾ?" ಎಂದು ಕೇಳುವರು. ನಾನು ಹೂಂ ಎನ್ನುತ್ತಿದ್ದೆ.

ಹಾಗೆ ಕೂತಲ್ಲೇ ನನ್ನ ಕಣ್ಣಿಗೆ ಕಂಡಕ್ಟರೂ ಬೀಳುತ್ತಿದ್ದರು. ಒಳಗೆ ಬರುವರು, ಡಬ್ಬಿ ತೆಗೆದು ಬೆಲ್ಲ ಬಾಯಿಗೆ ಹಾಕಿಕೊಳ್ಳುವರು, ಹೋಗುವರು. ಸ್ವಲ್ಪ ಹೊತ್ತಿಗೆ ಮತ್ತೆ ಬರುವರು, ಮತ್ತೆ ಬೆಲ್ಲ. ಮೊದಲು ಟೀಗೂ ಸಕ್ಕರೆ ಬೇಡ ಎನ್ನುತ್ತಿದ್ದ ಮನುಷ್ಯ ಎಂದು ಹೆಂಡತಿ ಹೇಳಿದರು. ನಾನು ಕೂತಿದ್ದರೂ ನನ್ನನ್ನು ಕಂಡ ಲಕ್ಷಣವೇ ಅವರ ಮುಖದಲ್ಲಿ ಇರುತ್ತಿರಲಿಲ್ಲ. ನಡಿಗೆಯ ಹೊತ್ತಾಯಿತೋ, ತಟ್ಟೆಯಲ್ಲಿ ಅರ್ಧ ಉಂಡ ಅನ್ನ ಇದ್ದರೂ ಸರಿ, ಎದ್ದು ಹೊರಡುವರು.

"ಇವ್ರು ಹಿಂಗಿರ್ಲಿಲ್ಲ," ಎಂದರು ಆಕೆ ಒಂದು ದಿನ, ಗೋಡೆಗೆ ಒರಗಿ ಕಾಲು ಚಾಚುತ್ತಲೇ. "ದೂರದ ಗದ್ದೆ ಅಂಚಲ್ಲಿ ಒಂದು ಮುದುಕಿ ಕೈ ಬೀಸಿದ್ರೆ ಬಸ್ ನಿಲ್ಸಿ ಕಾಯ್ತಿದ್ರು. ಡ್ರೈವರ್ ಹತ್ರ ದಿನಾ ಬೈಸಿಕೊಳ್ಳೋರು. ಹೋದ ವರ್ಷ ಇವ್ರ ಅಕ್ಕ ತೀರಿಕೊಂಡ್ರಲ್ಲ, ಹೆಣ ಇನ್ನೂ ಅಂಗಳದಲ್ಲಿತ್ತು, ಊಟ ಎಷ್ಟೊತ್ತಿಗೆ ಅಂತ ಕೇಳಿದ್ರು! ಎಲ್ರೂ ನನ್ ಮುಖ ನೋಡಿದ್ರು. ನಾನೆಂತ ಮಾಡ್ಲಿ?"

ಆ ದಿನ ವ್ಯಾಯಾಮ ಬೇಗ ಮುಗಿಸಿ, ಕಂಡಕ್ಟರು ಹೊರಟ ಹಿಂದೆಯೇ ನಾನೂ ಹೊರಟೆ.

ಅವರ ನಡಿಗೆ ನೋಡಿದರೆ ಯಾವ ಫಿಸಿಯೋಥೆರಪಿಸ್ಟಿಗೂ ಖುಷಿಯಾಗಬೇಕು. ನೆಟ್ಟಗಿನ ಬೆನ್ನು, ಉದ್ದನೆಯ ಹೆಜ್ಜೆ, ಕೈ ಬೀಸು ಎರಡೂ ಕಡೆ ಸಮ. ನಾನು ಏದುಸಿರು ಬಿಡುತ್ತಾ ಹಿಂಬಾಲಿಸಿದೆ. ದಾರಿಯಲ್ಲಿ ಹೊರೆ ಹುಲ್ಲು ಇಳಿಸಿ ಕೂತಿದ್ದ ಒಬ್ಬ ಹೆಂಗಸು, "ಕಂಡಕ್ಟ್ರೇ, ಒಂಚೂರು ಹೊರೆ ಎತ್ತಿ ಕೊಡಿ ಮಾರಾಯ್ರೆ," ಎಂದು ಕೂಗಿದಳು. ಅವರು ಅವಳ ಪಕ್ಕದಲ್ಲೇ ಹಾದು ಹೋದರು. ನಾನು ಹೊರೆ ಎತ್ತಿಕೊಟ್ಟೆ. "ಬ್ಯಾನರಿಗೆ ಫೋಟೋ ಬಂದ್ಮೇಲೆ ಕಂಡಕ್ಟ್ರಿಗೆ ಕೊಬ್ಬು ಬಂದಿದೆ ನೋಡಿ," ಎಂದಳು ಅವಳು. ಮುಂದೆ ಒಂದು ತಿರುವಿನಲ್ಲಿ ಮರದ ಲಾರಿ ಹಾರ್ನ್ ಹೊಡೆಯುತ್ತಾ ಬಂತು. ಅವರು ತಾವು ಹೋಗುತ್ತಿದ್ದ ಗೆರೆ ಬಿಟ್ಟು ಒಂದು ಅಡಿ ಕೂಡ ಸರಿಯಲಿಲ್ಲ. ಲಾರಿಯವನೇ ಮಣ್ಣಿಗೆ ಇಳಿಸಿ, ಬೈದು, ಹೋದ. ಅವರು ಅಷ್ಟರಲ್ಲಿ ಒಂದು ಮೋರಿ ಮುಟ್ಟಿ, ಅದರ ಕಟ್ಟೆಗೆ ಅಂಗೈಯಿಂದ ಒಂದು ಏಟು ಹಾಕಿ, ವಾಪಸು ತಿರುಗಿದ್ದರು. ದಿನಾ ಅದೇ ಮೋರಿಯಂತೆ, ಅದೇ ಏಟಂತೆ.

ಅವರು ನನ್ನನ್ನು ದಾಟಿ ಹೋದ ಮೇಲೆ ಹಿಂದಿನಿಂದ ಕೂಗಿದೆ. "ಯಜಮಾನ್ರೇ, ಮನೆಗಾ?"

"ಹೌದು, ಮನೆಗೆ," ಎಂದರು. ಕಾಲು ನಿಲ್ಲಲಿಲ್ಲ, ತಲೆ ತಿರುಗಲಿಲ್ಲ.

ರಸ್ತೆ ಮಧ್ಯೆ ನಾನು ನಿಂತುಬಿಟ್ಟೆ. ಅಯ್ಯೋ ದೇವರೇ! ಕೆಳದಿ ಕಡೆಯ ಅಜ್ಜಂದಿರು ನಿಂತರು, ಅರಳಸುರಳಿಯ ಅಜ್ಜಿಯರು ನಿಂತು ಕೈ ಹಿಡಿದುಕೊಂಡರು, ಸೊಂಟ ನೋವಿನಲ್ಲೂ ಇವರ ಹೆಂಡತಿ ನಿಂತರು. ಮೂರು ತಾಲ್ಲೂಕಿನಲ್ಲಿ ಇವರೊಬ್ಬರೇ ನಿಲ್ಲಲಿಲ್ಲ. ಅದೂ ಯಾರು? ಮುದುಕಿಗಾಗಿ ಬಸ್ಸು ನಿಲ್ಲಿಸಿ ಕಾಯುತ್ತಿದ್ದ ಮನುಷ್ಯ. ಎಲ್ಲರಿಗಿಂತ ಚೆನ್ನಾಗಿದೆ ಎಂದು ನಾವು ಗುರುತು ಹಾಕಿದ್ದೇ ಅವರ ಕಾಯಿಲೆ ಇರಬಹುದು ಎಂದು ಆಗ ನನಗೆ ಹೊಳೆಯಿತು.

ಕೆಲವು ಬಗೆಯ ಮಿದುಳಿನ ಸವೆತ ಮರೆವಿನಿಂದ ಶುರುವಾಗುವುದಿಲ್ಲ, ಮೊದಲು ನಡವಳಿಕೆ, ಕರುಣೆ, ಸಂಕೋಚ ಇವೇ ಹೋಗುತ್ತವೆ, ಸಿಹಿಯ ಹುಚ್ಚು ಹತ್ತುತ್ತದೆ, ಒಂದೇ ದಾರಿಯಲ್ಲಿ ಬಿಡದೆ ನಡೆಯುವುದೂ ಇರಬಹುದು ಎಂದು ಓದುವ ದಿನಗಳಲ್ಲಿ ಕೇಳಿದ್ದೆ. ಆದರೆ ನಾನು ಕಾಲಿನವಳು. ತಲೆಯ ಕಾಯಿಲೆಗೆ ಹೆಸರಿಡುವ ಅಧಿಕಾರ ನನಗಿಲ್ಲ. ಮಗನ ಹತ್ತಿರ ಸೂಚ್ಯವಾಗಿ ಹೇಳಿ ನೋಡಿದೆ. ಅವನು ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತ.

"ನಮ್ಮಪ್ಪನಿಗೆ ಹುಚ್ಚು ಅಂತೀರಾ ಮೇಡಂ? ನೀವೇ ಅಲ್ವಾ ಫಸ್ಟ್ ಕ್ಲಾಸ್ ಇದಾರೆ ಅಂದಿದ್ದು? ಅಮ್ಮ ಏನೋ ಹೇಳ್ಕೊಟ್ಟಿದಾರೆ ನಿಮಗೆ."

ಡಾಕ್ಟರ ಹತ್ತಿರ ಹೋದರೆ ಅಲ್ಲೂ ಅದೇ. "ಅವರ ಸ್ಮರಣೆಯ ಪರೀಕ್ಷೆ ನೋಡಿದ್ದೀರಾ? ನನಗಿಂತ ಚೆನ್ನಾಗಿದೆ! ಗಂಡ ಹೆಂಡತಿ ಜಗಳಕ್ಕೆ ನಾವು ಸ್ಕ್ಯಾನ್ ಬರೆದುಕೊಡಲು ಆಗುತ್ತದಾ?"

"ಸರ್, ಅವರು ನಡಿಗೆಯ ಮುಂದಾಳು ಆಗುವುದಾದರೆ ನಾನು ಆ ದಿನ ಬರುವುದಿಲ್ಲ," ಎಂದೆ. ಕೆಲಸ ಹೋದರೂ ಹೋಗಬಹುದಿತ್ತು. "ಅವರ ಹಿಂದೆ ಒಂದೂರು ಜನ ನಡೆದು ಬರುವಾಗ ಎದುರಿಗೆ ಲಾರಿ ಬಂದರೆ ಅವರು ಸರಿಯುವುದಿಲ್ಲ. ಪರೀಕ್ಷೆಯ ಅಂಕ ಬಿಟ್ಟುಬಿಡಿ. ಆಹ್ವಾನ ಕೊಡುವ ನೆಪದಲ್ಲಿ ಅವರ ಮನೆಗೆ ಒಂದು ಸಲ ಬಂದು ಕೂತು ನೋಡಿ. ಆಮೇಲೂ ನೀವು ಇದೇ ಮಾತು ಹೇಳಿದರೆ ನಾನು ಬಾಯಿ ಮುಚ್ಚಿಕೊಳ್ಳುತ್ತೇನೆ."

ಡಾಕ್ಟರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು. "ನೀವು ಬಾಯಿ ಮುಚ್ಚಿಕೊಳ್ಳುವುದಾದರೆ ಬರಲೇಬೇಕು," ಎಂದರು.

ಮನೆಯಲ್ಲಿ ಸಡಗರ. ಮಗ ಒಳ್ಳೆಯ ಅಂಗಿ ಹಾಕಿಕೊಂಡಿದ್ದ. ಕಂಡಕ್ಟರ ಹೆಂಡತಿ ರವೆ ಉಂಡೆ, ಬಾಳೆಹಣ್ಣು, ಕಾಫಿ ತಂದಿಟ್ಟರು. ಡಾಕ್ಟರು ಮಾತಾಡುತ್ತಾ ಒಂದು ಉಂಡೆ ತೆಗೆದುಕೊಂಡು ಕಚ್ಚಿದರು. ಅರ್ಧ ಕೈಯಲ್ಲಿತ್ತು. ಕಂಡಕ್ಟರು ಒಳಗಿನಿಂದ ಬಂದರು, ತಟ್ಟೆಯಲ್ಲಿದ್ದ ಉಂಡೆಗಳನ್ನೆಲ್ಲ ಒಂದೊಂದಾಗಿ ಬಾಯಿಗೆ ಹಾಕಿಕೊಂಡರು. ಆಮೇಲೆ ಡಾಕ್ಟರ ಕೈಯಲ್ಲಿದ್ದ, ಅವರು ಕಚ್ಚಿ ಎಂಜಲು ಮಾಡಿದ್ದ ಅರ್ಧ ಉಂಡೆಯನ್ನೂ ಬೆರಳು ಬಿಡಿಸಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿ ಹೊರಟೇ ಹೋದರು.

ನಮ್ಮ ಕಡೆ ಎಂಜಲು ಎಂದರೆ ಎಂಥ ವಿಷಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳು ಕಚ್ಚಿದ್ದನ್ನು ಅಮ್ಮ ತಿಂದಾಳು, ಅತಿಥಿಯ ಕೈಯಿಂದ ಕಿತ್ತು ತಿನ್ನುವುದುಂಟೇ? ಮಗ ಹಹಹ ಎಂದು ನಗಲು ಹೋಗಿ ನಡುವೆಯೇ ನಿಲ್ಲಿಸಿದ. ಅವನ ತಾಯಿ ಗೋಡೆ ಕಡೆ ಮುಖ ತಿರುಗಿಸಿ ನಿಂತಿದ್ದರು.

ಡಾಕ್ಟರು ಕರವಸ್ತ್ರದಿಂದ ಕೈ ಒರೆಸಿಕೊಂಡರು. ಆಮೇಲೆ ಕುರ್ಚಿಯನ್ನು ಆಕೆಯ ಕಡೆಗೆ ತಿರುಗಿಸಿಕೊಂಡು ಮೆಲ್ಲಗೆ ಕೇಳಿದರು: "ಯಾವಾಗಿಂದ ಹೀಗೆ ತಾಯಿ?"

ಅದುವರೆಗೆ ಆಕೆಯನ್ನು ಯಾರೂ ಹಾಗೆ ಕೇಳಿರಲಿಲ್ಲ. ಆಕೆ ಹೇಳುತ್ತಾ ಹೋದರು. ಮಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳುತ್ತಾ ನಿಂತ. ಒಗೆಯುವ ಕಲ್ಲಿನ ವಿಷಯ ಬಂದಾಗ ಅವನು ತಲೆ ತಗ್ಗಿಸಿದ. ವಾಪಸು ಬರುವಾಗ ಜೀಪಿನಲ್ಲಿ ಡಾಕ್ಟರು, "ನಾವು ಬಂದವರನ್ನೆಲ್ಲ ಪರೀಕ್ಷೆ ಮಾಡಿದೆವು, ಮನೆಯವರನ್ನು ಒಂದು ಮಾತೂ ಕೇಳಲಿಲ್ಲವಲ್ಲ," ಎಂದರು. ಆ ಒಂದು ಸಲ ನಾನು ವಾದ ಮಾಡಲಿಲ್ಲ. ಬ್ಯಾನರ್ ಇಳಿಯಿತು. ಹಿರಿಯರ ನಡಿಗೆ ಮುಂದಾಳಿಲ್ಲದೆ ನಡೆಯಿತು. ಅವರೆಲ್ಲ ಹೆಜ್ಜೆಗೊಬ್ಬರನ್ನು ಮಾತಾಡಿಸುತ್ತಾ ನಿಂತು ನಿಂತು ಹೋದದ್ದರಿಂದ ಮುಗಿಯುವ ಹೊತ್ತಿಗೆ ಊಟ ತಣ್ಣಗಾಗಿತ್ತು. ಪರೀಕ್ಷೆಯಲ್ಲೂ ಆಮೇಲೆ ನಾನು ಕುರ್ಚಿ ಬಿಟ್ಟು ಜೊತೆಗೆ ನಡೆಯುತ್ತಾ ಕೇಳುವುದಾಯಿತು.

ಶಿವಮೊಗ್ಗದ ನರರೋಗ ತಜ್ಞರ ಹತ್ತಿರ ಎರಡು ಸಲ ಹೋಗಬೇಕಾಯಿತು. ಮೊದಲ ಸಲ ಪರೀಕ್ಷೆ, ಸ್ಕ್ಯಾನು. ಮಿಷನ್ನಿನ ಒಳಗೆ ಅಲ್ಲಾಡದೆ ಮಲಗಿಸುವುದೇ ಸಾಹಸ. ಅವರ ನಡಿಗೆಯ ಹೊತ್ತು ಮುಗಿದ ಮೇಲೆಯೇ ಮಾಡಿ ಎಂದು ನಾನು ಮೊದಲೇ ಹೇಳಿ ಒಪ್ಪಿಸಿದ್ದೆ. ಆಸ್ಪತ್ರೆಯ ಅಂಗಳದಲ್ಲಿ ಮಗ ಅಪ್ಪನ ಜೊತೆ ಸುತ್ತು ಹಾಕಿ ಹಾಕಿ ಬೆವೆತುಹೋದ. ಎರಡನೇ ಸಲ ಫಲಿತಾಂಶ ಕೇಳಲು ಹೋದೆವು. ಆ ಹೊತ್ತಿಗೆ ಆಕೆಯ ಕಾಲು ಪೂರ್ತಿ ಗಟ್ಟಿಯಾಗಿತ್ತು. ಹೊಸನಗರದಲ್ಲಿ ಬಸ್ಸನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದರು. ಹತ್ತಿ ನನ್ನ ಕಡೆ ಒಂದು ನೋಟ ಬೀರಿದರು. ಮಡಿಲಲ್ಲಿದ್ದ ಚೀಲ ಆಸ್ಪತ್ರೆಗೆ ಹೋಗುವವರ ಚೀಲಕ್ಕಿಂತ ದೊಡ್ಡದಿತ್ತು. ಇವತ್ತು ಆಸ್ಪತ್ರೆಯಿಂದಲೇ ಮೇಳಿಗೆಗೆ ಹೋಗುತ್ತೇನೆ, ತಮ್ಮ ತೀರ್ಥಹಳ್ಳಿಯಲ್ಲಿ ಸ್ಕೂಟರ್ ಇಟ್ಟುಕೊಂಡು ಕಾಯುತ್ತಾನೆ ಎಂದು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

ತಜ್ಞರು ನಿಧಾನಸ್ಥ ಹೆಂಗಸು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು, ಹಣೆಯ ಹಿಂದಿನ ಭಾಗ ಸವೆಯುತ್ತಿದೆ ಎಂದು ತೋರಿಸಿದರು. ಬೇರೆಯವರಿಗೆ ನೋವಾದರೆ ತಿಳಿಯುವುದು, ಎಲ್ಲಿ ಹೇಗಿರಬೇಕು ಎಂದು ಗೊತ್ತಾಗುವುದು, ಹೊರಟಿದ್ದನ್ನು ಬಿಟ್ಟು ಇನ್ನೊಂದರ ಕಡೆ ಮನಸ್ಸು ತಿರುಗುವುದು, ಇದೆಲ್ಲ ಆ ಭಾಗದ ಕೆಲಸ. ನೆನಪು ಸದ್ಯಕ್ಕೆ ಚೆನ್ನಾಗಿಯೇ ಇರುತ್ತದೆ, ಮುಂದೆ ಅದೂ ಹೋಗಬಹುದು. ಸವೆತವನ್ನು ಹಿಂದಕ್ಕೆ ತರುವ ಔಷಧ ಇಲ್ಲ. ನಡೆಯುವುದನ್ನು ನಿಲ್ಲಿಸಬೇಡಿ, ಕಟ್ಟಿಹಾಕಿದರೆ ಇನ್ನೂ ಕೆರಳುತ್ತಾರೆ, ಆದರೆ ಒಬ್ಬರೇ ಹೋಗುವುದು ಬೇಡ, ಲಾರಿ ರಸ್ತೆ ಬೇಡ ಎಂದರು. ಗದ್ದೆ ಕಡೆಗೆ ಹೋಗುವ ಮಣ್ಣಿನ ದಾರಿಗೆ ದಿನಕ್ಕಿಷ್ಟೆಂದು ಹೇಗೆ ಅಭ್ಯಾಸ ಮಾಡಿಸುವುದು ಎಂದು ನಾನೂ ಮಗನೂ ಕೇಳಿ ತಿಳಿದುಕೊಂಡೆವು. ಕಂಡಕ್ಟರು ಮೂಲೆಯ ಕುರ್ಚಿಯಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದ್ದರು.

ನಾವು ಏಳುವ ಹೊತ್ತಿಗೆ ಕಂಡಕ್ಟರ ಹೆಂಡತಿ ಕೇಳಿದರು: "ನಾನು ಬಿದ್ದಾಗ... ಇವ್ರಿಗೆ ಕಾಣ್ಲಿಲ್ವಾ ಅಮ್ಮ?"

"ಕಂಡಿರುತ್ತದೆ ತಾಯಿ. ಕಂಡರೂ, ಇವಳು ಬಿದ್ದಿದ್ದಾಳೆ, ಎತ್ತಬೇಕು ಅನ್ನುವುದು ಅವರಿಗೆ ಹೊಳೆದಿರುವುದಿಲ್ಲ. ಹೊಳೆಯುವ ಜಾಗವೇ ಸವೆದಿದೆ."

"ಬೇಕಂತ ಮಾಡಿದ್ದಲ್ಲ?"

"ಅಲ್ಲ."

"ನನ್ ಮೇಲೆ ಬೇಜಾರಿಗೆ ಅಲ್ಲ?"

"ಖಂಡಿತ ಅಲ್ಲ."

ಹೊರಗಿನ ಬೆಂಚಿಗೆ ಬಂದು ಕೂತವರೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಇಡೀ ಮೈ ಅಲುಗಾಡುವಂಥ ಅಳು. ನಾನು ಅಷ್ಟು ದಿನ ಅವರ ಕಣ್ಣಲ್ಲಿ ಒಂದು ಹನಿ ನೋಡಿರಲಿಲ್ಲ. ಮಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, "ಹೆದರಬೇಡ ಅಮ್ಮ, ನಾನಿದೀನಿ, ಬೆಂಗಳೂರಲ್ಲೂ ಒಂದ್ಸಲ ತೋರ್ಸೋಣ," ಎಂದು ಮೊಣಕಾಲು ಹಿಡಿದುಕೊಂಡ. ಆಕೆ ಅವನ ಕೈಯನ್ನು ಪಕ್ಕಕ್ಕೆ ಸರಿಸಿದರು.

"ಅದಕ್ಕಲ್ಲ ಮಾರಾಯ ನಾನು ಅಳೋದು," ಎಂದರು.

ಮೂಗು ಒರೆಸಿಕೊಂಡು, ನನ್ನ ಫೋನು ಕೇಳಿ ತೆಗೆದುಕೊಂಡರು. ನಂಬರು ಬಾಯಿಪಾಠವಿತ್ತು. ಆ ಕಡೆಯಿಂದ ತಮ್ಮ ಜೋರಾಗಿ ಮಾತಾಡುವುದು ನನಗೂ ಕೇಳಿಸಿತು, ಬಸ್ಸು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ.

"ನಾನು ಬರಲ್ಲ ಕಣೋ. ನೀನು ಮನೆಗೆ ಹೋಗು," ಎಂದರು ಆಕೆ. ಆ ಕಡೆಯವನು ಏನೋ ಕೇಳಿದ. ಒಳಗೆ ಕೂತು ಬಿಸ್ಕತ್ತಿನ ಪೊಟ್ಟಣ ಕೊಡವುತ್ತಿದ್ದ ಗಂಡನನ್ನು ಬಾಗಿಲ ಸಂದಿನಿಂದ ನೋಡುತ್ತಾ, ಮದುವೆ ಮನೆಯ ಸುದ್ದಿ ಹೇಳುವವರ ದನಿಯಲ್ಲಿ ಆಕೆ ಹೇಳಿದರು:

"ನಿಮ್ ಭಾವಂಗೆ ಹುಷಾರಿಲ್ಲ ಕಣೋ. ಸದ್ಯ, ಹುಷಾರಿಲ್ಲ ಅಷ್ಟೆ."